ಕೆಳಗಿನಿಂದ ಬಂದ ಬೆಳಕು

ನಾನು ಬರೆಯುವ ಚಿತ್ರಗಳು ಎಲ್ಲರಿಗೂ ಅರ್ಥವಾಗುತ್ತವೆ. ನಾಲ್ಕು ತೆಂಗಿನಮರ, ಅವುಗಳ ಹಿಂದೆ ಮುಳುಗುವ ಸೂರ್ಯ, ಮುಂದೊಂದು ಕೆರೆ, ಕೆರೆಯಲ್ಲಿ ಮತ್ತೆ ಅದೇ ನಾಲ್ಕು ಮರ ತಲೆಕೆಳಗಾಗಿ. ತಿಪಟೂರಿನ ಅರ್ಧದಷ್ಟು ಬ್ಯಾಂಕುಗಳಲ್ಲಿ, ಹಲ್ಲಿನ ಡಾಕ್ಟರುಗಳ ಕೋಣೆಗಳಲ್ಲಿ ನನ್ನ ಸೂರ್ಯ ವರ್ಷವಿಡೀ ಮುಳುಗುತ್ತಲೇ ಇರುತ್ತಾನೆ. ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ನಾನು, ಹೆಸರು ಗಿರಿಜಾಂಬಿಕಾ. ಮಕ್ಕಳಿಗೂ ಅದನ್ನೇ ಕಲಿಸುತ್ತೇನೆ. ಮರ ಅಂದರೆ ಮರದ ಹಾಗೆ ಕಾಣಬೇಕು, ಕೊಡ ಅಂದರೆ ಕೊಡದ ಹಾಗೆ ಕಾಣಬೇಕು. "ಅದೇ ನಿನ್ನ ತೊಂದ್ರೆ ಚಿಕ್ಕಮ್ಮ" ಎಂದು ಇಂಪನಾ ಹೇಳುತ್ತಿದ್ದಳು.

ಇಂಪನಾ ನನ್ನ ಅಕ್ಕನ ಮಗಳು. ಅಕ್ಕ ಗಂಗಾಂಬಿಕಾ ತೀರಿಕೊಂಡಾಗ ಇವಳಿಗೆ ಹತ್ತು ವರ್ಷ. ಅಕ್ಕನನ್ನು ಕೊಟ್ಟಿದ್ದು ಹಂದನಕೆರೆ ಕಡೆಯ ಊರಿಗೆ. ದೊಡ್ಡ ತೋಟ, ತೋಟಕ್ಕೆ ತಕ್ಕ ಹಾಗೆ ಕಾಯಿ ಒಣಹಾಕುವ ದೊಡ್ಡ ಕೊಬ್ಬರಿ ಅಟ್ಟ. ಕಾಯಿ ಏರಿಸುವಾಗ ಏಣಿಯಿಂದ ಜಾರಿ ಬಿದ್ದಳು, ತಲೆ ಒರಳುಕಲ್ಲಿಗೆ ಬಡಿಯಿತು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಹಾಗೆಂದು ನಮಗೆ ಹೇಳಿದರು, ಹಾಗೆಂದೇ ನಾವೂ ಕೇಳಿದವರಿಗೆಲ್ಲ ಹೇಳಿದೆವು. ಕಾರ್ಯ ಮುಗಿಸಿಕೊಂಡು ಬರುವಾಗ ನಮ್ಮವ್ವ ಸುವರ್ಣಮ್ಮ ಮೊಮ್ಮಗಳನ್ನು ಜೊತೆಯಲ್ಲೇ ಬಸ್ಸು ಹತ್ತಿಸಿಕೊಂಡು ತಿಪಟೂರಿಗೆ ಕರೆತಂದಳು. ಭಾವ ಮರುಳಸಿದ್ದಯ್ಯ ಬೇಡವೆನ್ನಲಿಲ್ಲ. ಹೆಣ್ಣುಮಗು ಅಜ್ಜಿಯ ಮಗ್ಗುಲಲ್ಲಿ ಬೆಳೆಯಲಿ ಎಂದರು.

ಆಮೇಲೆ ಹೆಚ್ಚು ದಿನ ಕಳೆಯಲಿಲ್ಲ, ನನ್ನ ಮದುವೆಯೂ ಆಯಿತು. ಲಿಂಗವಂತರಾದ ನಮ್ಮಲ್ಲಿ ಸೂತಕ ಇಲ್ಲ ಎನ್ನುವ ಮಾತು ಆಗ ಎಲ್ಲರಿಗೂ ಅನುಕೂಲಕ್ಕೆ ಬಂತು. ಆ ಮದುವೆ ಎಷ್ಟು ಚಂದವಾಗಿತ್ತೆಂದರೆ, ಎರಡನೇ ಯುಗಾದಿಗೆ ನಾನು ಪೆಟ್ಟಿಗೆ ಸಮೇತ ಅವ್ವನ ಮನೆಗೆ ವಾಪಸ್. ಅಂದಿನಿಂದ ಮೂರು ಹೆಂಗಸರ ಸಂಸಾರ ನಮ್ಮದು. ಜಗಳಕ್ಕೇನೂ ಕೊರತೆಯಿರಲಿಲ್ಲ, ಆದರೆ ಇಂಪನಾ ಯಾವ ಜಗಳಕ್ಕೂ ಬರುತ್ತಿರಲಿಲ್ಲ. ಅವಳು ಅತ್ತದ್ದನ್ನೂ ನಾನು ನೋಡಿಲ್ಲ, ಕೂಗಾಡಿದ್ದನ್ನೂ ನೋಡಿಲ್ಲ. ಎಷ್ಟು ಒಳ್ಳೆಯ ಹುಡುಗಿ ಎಂದು ಬೀದಿಯವರು ಹೇಳುವರು, ನಾವೂ ಹೂಂಗುಟ್ಟುತ್ತಿದ್ದೆವು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಭಾವ ಮಗಳನ್ನು ವಾಪಸ್ ಕೇಳತೊಡಗಿದರು. ಮಾರುಕಟ್ಟೆಗೆ ಕೊಬ್ಬರಿ ತಂದ ದಿನವೆಲ್ಲ ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಕುಳಿತು ಅದೇ ಮಾತು ತೆಗೆಯುತ್ತಿದ್ದರು. ಹುಳಿಯಾರಿನಲ್ಲಿ ಒಂದು ಗಂಡು ನೋಡಿದ್ದಾರಂತೆ, ಒಳ್ಳೆಯ ಜನವಂತೆ. "ಮಗಳ ಮದುವೆ ನಮ್ಮನೆ ಮುಂದೆ ಚಪ್ಪರ ಹಾಕಿ ಮಾಡ್ಬೇಕು ಕಣಮ್ಮ ಗಿರಿಜಾ. ಅಲ್ಲೀಗಂಟ ಅವಳು ಅಲ್ಲೇ ಇರ್ಲಿ. ಮನೆ ಬಿಕೋ ಅಂತೈತೆ" ಎನ್ನುವರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅಪ್ಪ ಅಪ್ಪನೇ ಕಣೇ. ಇವಳು ಹೋಗ್ದಿದ್ರೆ ತೋಟ ದಾಯಾದಿಗಳ ಪಾಲಾಗುತ್ತೆ" ಎನ್ನುವಳು. ನನಗೆ ಮಾತ್ರ ಒಪ್ಪಿಗೆಯಿರಲಿಲ್ಲ. ಸಾಕಿದ್ದು ನಾನು. ಆದರೆ ಹೆತ್ತವನ ಎದುರು ಸಾಕಿದವಳ ಮಾತಿಗೆ ತೂಕವೆಲ್ಲಿ? ಇಂಪನಾಳನ್ನೇ ಕೇಳಿದೆ. "ನೀನು ಒಲ್ಲೆ ಅನ್ನು ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದೆ. ಅವಳು ಒಲ್ಲೆ ಎನ್ನಲಿಲ್ಲ. "ಹೋಗ್ಬೇಕು ಬಿಡು ಚಿಕ್ಕಮ್ಮ" ಎಂದಳು, ಎಲ್ಲೋ ಸೂಜಿ ಹಾಕಿಸಿಕೊಳ್ಳುವುದಕ್ಕೆ ಹೋಗಬೇಕಾದವಳ ಹಾಗೆ. ಕಾಲೇಜಿನ ಎರಡನೇ ವರ್ಷದ ಪರೀಕ್ಷೆ ಮುಗಿದ ಮಾರನೇ ವಾರ ಹೊರಡುವುದೆಂದು ನಿಶ್ಚಯವಾಯಿತು.

ಆ ನಿಶ್ಚಯವಾದ ಮೇಲೆಯೇ ಅವಳು ಆ ದೊಡ್ಡ ಚಿತ್ರಕ್ಕೆ ಕೈಹಾಕಿದ್ದು.

ಅವಳು ಬರೆಯುತ್ತಿದ್ದ ಬಗೆಯ ಚಿತ್ರಗಳಿಗೆ ಅಮೂರ್ತ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಡಿಪ್ಲೊಮಾ ಓದುವಾಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಬರೆದು ಪಾಸಾಗಿ ಮರೆತೂ ಬಿಟ್ಟಿದ್ದೆ. ಅವಳ ಮೊದಮೊದಲ ಚಿತ್ರಗಳನ್ನು ಕಂಡಾಗ ನಾನು ಆಡಿಕೊಂಡದ್ದೇ ಆಡಿಕೊಂಡದ್ದು. ಬಣ್ಣದ ಡಬ್ಬಿಗೆ ಬೆಕ್ಕು ಬಿದ್ದು ಎದ್ದು ಓಡಿತೇನೇ ಎಂದು ಕೇಳಿದ್ದೆ. ಅವಳು ನಗುತ್ತಿದ್ದಳು, ಬಿಡುತ್ತಿರಲಿಲ್ಲ. ಈ ಸಲ ಹಿತ್ತಲ ಕೋಣೆಯ ಗೋಡೆಗೆ ಅವಳಷ್ಟೇ ಎತ್ತರದ ಕ್ಯಾನ್ವಾಸ್ ಒರಗಿಸಿ ಬಾಗಿಲು ಹಾಕಿಕೊಂಡಾಗ ನನಗೆ ಆಡಿಕೊಳ್ಳುವ ಮನಸ್ಸಾಗಲಿಲ್ಲ. ಅವಳು ಊಟ ಬಿಟ್ಟಿದ್ದಳು. ತಟ್ಟೆಯ ಮುಂದೆ ಕೂತು ಅನ್ನವನ್ನು ಅತ್ತಿಂದಿತ್ತ ಸರಿಸಿ ಎದ್ದುಬಿಡುವಳು.

ಕೆಲಸ ಮಾಡುವ ರೀತಿಯೂ ವಿಚಿತ್ರ. ಅಂಗಡಿಯ ಕಪ್ಪು ಬಣ್ಣ ಮುಟ್ಟಲಿಲ್ಲ. ತೆಂಗಿನ ಕರಟ ಸುಟ್ಟು, ಇದ್ದಿಲನ್ನು ಅವ್ವನ ಕುಟ್ಟಾಣಿಯಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ ಕಪ್ಪು ಮಾಡಿಕೊಂಡಳು. "ಅಂಗಡಿ ಕಪ್ಪು ಬರೀ ಕಪ್ಪು ಚಿಕ್ಕಮ್ಮ. ಇದರಲ್ಲಿ ಸುಟ್ಟ ವಾಸನೆ ಇದೆ" ಎಂದಳು. ಕಂದು ಬಣ್ಣವನ್ನು ಒಂದರ ಮೇಲೊಂದು ಹಚ್ಚಿ, ನಾರಿನ ಉಂಡೆಯಿಂದ ಉಜ್ಜಿ ಉಜ್ಜಿ ತೆಗೆದು, ಮತ್ತೆ ಹಚ್ಚುವಳು. ಒತ್ತೊತ್ತಾಗಿ ದುಂಡಗಿನ ಆಕಾರಗಳು ಮೂಡಿದವು, ಕೆಲವು ಹಸಿರು ತಿರುಗಿದ ಕಂದು, ಕೆಲವು ಬೂದಿ. ಅವುಗಳ ನಡುವೆ ಹಳದಿಯ ಉದ್ದುದ್ದ ಗೆರೆಗಳು. ಒಂದು ಮೂಲೆಯಲ್ಲಿ ಖಾಲಿ ಚೌಕ. ಗೆರೆಗಳ ಮಧ್ಯದಲ್ಲಿ ಮಾತ್ರ ಒಂದಿಷ್ಟು ಜಾಗ ಬಿಟ್ಟುಕೊಂಡಿದ್ದಳು. ಅಲ್ಲಿ ಏನು ಹಚ್ಚಿದರೂ ಅವಳಿಗೆ ಸಮಾಧಾನವಿಲ್ಲ. ನೀಲಿ ಹಚ್ಚಿ ಒರೆಸಿದಳು, ಹಸಿರು ಹಚ್ಚಿ ಒರೆಸಿದಳು. ಕೊನೆಗೊಂದು ದಿನ ಗಿಳಿಹಸಿರಿಗೆ ಕೊಬ್ಬರಿ ಎಣ್ಣೆ ಬೆರೆಸುತ್ತಿರುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಲೇ, ಬುದ್ಧಿ ಇದೆಯೇನೇ? ಚಿತ್ರಕ್ಕೆ ಹಾಕೋದು ಅಗಸೆ ಎಣ್ಣೆ ಕಣೇ. ಕೊಬ್ಬರಿ ಎಣ್ಣೆ ಜನ್ಮದಲ್ಲಿ ಒಣಗಲ್ಲ."

"ಗೊತ್ತು ಚಿಕ್ಕಮ್ಮ. ಅದು ಒಣಗ್ಬಾರದು" ಎಂದಳು.

ಮೂವತ್ತೈದು ದಾಟಿದ ಡ್ರಾಯಿಂಗ್ ಟೀಚರಿಗೆ ಹತ್ತೊಂಬತ್ತರ ಹುಡುಗಿ ಪಾಠ ಹೇಳುವುದೆಂದರೆ ಮೈಯುರಿಯುವ ಸಂಗತಿ. ಆದರೂ ಅವಳು ಕುಂಚ ತೊಳೆಯುವಾಗ ಹಿಂದೆ ನಿಂತು ಕೇಳಿದೆ, "ಇದೇನು ಅಂತ ಹೇಳಾದ್ರೂ ಹೇಳೇ."

"ಏನು ಅಂತ ಕೇಳ್ಬೇಡ. ನಿನ್ನ ಚಿತ್ರ ನೋಡಿದ್ರೆ ಜನ ತೆಂಗಿನಮರ ಅಂತಾರೆ, ಮುಂದೆ ಹೋಗ್ತಾರೆ. ಹೆಸರು ಸಿಕ್ಕಿದ ಮೇಲೆ ಯಾರೂ ನೋಡಲ್ಲ. ಇದಕ್ಕೆ ಹೆಸರು ಹುಡುಕ್ಬೇಡ. ಸುಮ್ನೆ ನಿಂತ್ಕೊಂಡು ನೋಡು. ನಿನ್ನ ಮೈಗೆ ಎಲ್ಲಿ ಏನಾಗುತ್ತೆ ಅಷ್ಟು ಹೇಳು."

ನಿಂತೆ. ಮೊದಲು ಬೇಸರವಾಯಿತು, ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಆದರೂ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಆ ದುಂಡನೆಯ ಕಂದುಗಳು ನನ್ನನ್ನೂ ಒತ್ತಿಕೊಂಡು ಕೂತ ಹಾಗಾಯಿತು. ಜಾಗ ಇಲ್ಲ, ಮಗ್ಗುಲು ತಿರುಗುವ ಹಾಗಿಲ್ಲ. ಹಳದಿ ಗೆರೆಗಳತ್ತ ಕಣ್ಣು ತಾನಾಗಿ ಹೋಗುತ್ತದೆ, ಹೋದದ್ದು ಆ ಹಸಿರಿನ ಮೇಲೆ ಬಿದ್ದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಷ್ಟು ಮುದ್ದಾದ ಹಸಿರು, ಆದರೆ ನೋಡಲು ಭಯ. ನಾನು ಹೇಳಿದೆ, "ಉಸಿರು ಕಟ್ಟುತ್ತೆ ಕಣೇ. ಅಳು ಬಂದು ಗಂಟಲಲ್ಲೇ ನಿಂತ ಹಾಗೆ."

ಅವಳು ಕೈಯಲ್ಲಿದ್ದ ಕುಂಚ ಹಾಗೇ ಹಿಡಿದು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ನನಗೆ ನಾಚಿಕೆಯಾಯಿತು. "ಇನ್ನೇನು ಬೇಕು ಚಿಕ್ಕಮ್ಮ, ನಿಂಗೆ ಅರ್ಥ ಆಯ್ತಲ್ಲ" ಎಂದಳು. ನನಗೆ ಏನೂ ಅರ್ಥವಾಗಿರಲಿಲ್ಲ. ಅಮ್ಮನನ್ನು ಕಳೆದುಕೊಂಡ ದುಃಖ ಇರಬೇಕು, ಊರಿಗೆ ಹೋಗುವ ಅಳುಕಿರಬೇಕು ಎಂದುಕೊಂಡು ಹಾಲು ಉಕ್ಕುವುದನ್ನು ನೋಡಲು ಓಡಿದೆ.

ಪರೀಕ್ಷೆ ಮುಗಿಯಿತು. ಊರಿನ ಚಿತ್ರಕಲಾವಿದರದೊಂದು ಸಣ್ಣ ಸಂಘವಿದೆ. ನಾವೆಲ್ಲ ಸೇರಿ ವರ್ಷಕ್ಕೊಮ್ಮೆ ಸಮುದಾಯ ಭವನದಲ್ಲಿ ಪ್ರದರ್ಶನ ಇಡುತ್ತೇವೆ. ನನ್ನ ತೆಂಗಿನಮರಗಳ ಪಕ್ಕದಲ್ಲಿ ಇಂಪನಾಳ ಚಿತ್ರವನ್ನೂ ಹಾಕಿಸಿದೆ. ಹೋಗುವ ಮೊದಲು ನಾಲ್ಕು ಜನ ನೋಡಲಿ ಎನ್ನುವ ಆಸೆ. ಹೆಸರಿನ ಚೀಟಿ ಖಾಲಿ ಬಿಡು ಎಂದಳು, ಬಿಟ್ಟೆ. ಭಾವ ಅವತ್ತೇ ಕಾರು ತರುವವರಿದ್ದರು. ಮಾರುಕಟ್ಟೆಯ ಕೆಲಸ ಮುಗಿಸಿ ಅಲ್ಲಿಗೇ ಬರುತ್ತೇನೆ, ಮಗಳ ಚಿತ್ರ ನೋಡಿ ಹಾಗೇ ಕರೆದುಕೊಂಡು ಹೋಗುತ್ತೇನೆ ಎಂದು ಫೋನು ಮಾಡಿದ್ದರು. ಅವ್ವ ಮೊಮ್ಮಗಳ ಬಟ್ಟೆ ತುಂಬಿದ ಬ್ಯಾಗನ್ನು ಕಾಲ ಬುಡದಲ್ಲಿಟ್ಟುಕೊಂಡು ಭವನದ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ನಾನು ಆ ಬ್ಯಾಗಿನ ಕಡೆ ನೋಡದೆ ಓಡಾಡುತ್ತಿದ್ದೆ.

ನೋಡಲು ಬಂದವರು ನನ್ನ ಕೆರೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಇಂಪನಾಳ ಚಿತ್ರದ ಮುಂದೆ ನಿಂತು ತಲೆ ಕೆರೆದುಕೊಂಡರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ರಂಗನಾಥ್ ಅವರು ಮಾತ್ರ ಕನ್ನಡಕ ಮೂಗಿನ ತುದಿಗೆ ಇಳಿಸಿ, ಎದುರಿಗೆ ಸೇರಿದವರಿಗೆ ವಿವರಿಸಲು ನಿಂತರು. ಒಳ್ಳೆಯ ಮನುಷ್ಯ, ಆದರೆ ಗೊತ್ತಿಲ್ಲ ಎನ್ನುವ ಮಾತು ಅವರ ಬಾಯಿಗೆ ಬರುವುದಿಲ್ಲ.

"ಇದು ಕಿಟಕಿ. ಇವು ಕಂಬಿ. ಹೊರಗಡೆ ಬಿಸಿಲಿದೆ, ಒಳಗೆ ಕತ್ತಲಿದೆ. ಅಂದ್ರೆ ಹೆಣ್ಣಿನ ಬಂಧನ. ಈ ಹಸಿರು ಏನಪ್ಪಾ ಅಂದ್ರೆ ಆಶಾಭಾವನೆ" ಎಂದು ಬೆರಳಿಟ್ಟರು. ಬೆರಳಿಗೆ ಬಣ್ಣ ಮೆತ್ತಿಕೊಂಡಿತು. "ಏನಮ್ಮ, ಇನ್ನೂ ಒಣಗೇ ಇಲ್ಲ!" ಎಂದು ಕರ್ಚೀಫು ಹುಡುಕಿದರು. ಇಂಪನಾ ಗೋಡೆಗೆ ಒರಗಿ ನಿಂತು ಆ ಬೆರಳನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಭಾವ ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ. ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕಿತ್ತೋ ಏನೋ, ಮುಖ ಗೆಲುವಾಗಿತ್ತು. ಅವ್ವನಿಗೆ ಕೈಮುಗಿದು, ನನ್ನನ್ನು ಮಾತಾಡಿಸಿ, ಮಗಳ ಚಿತ್ರದ ಮುಂದೆ ನಿಂತರು. ರಂಗನಾಥ್ ಮೇಷ್ಟ್ರು ಅವರಿಗೂ ಕಿಟಕಿಯ ಕಥೆ ಶುರುಮಾಡಿದರು. ಭಾವ ಸ್ವಲ್ಪ ಹೊತ್ತು ಕೇಳಿಸಿಕೊಂಡರು, ಆಮೇಲೆ ನಕ್ಕರು.

"ತಪ್ಪು ತಿಳ್ಕೋಬ್ಯಾಡಿ ಮೇಷ್ಟ್ರೇ, ಇದು ಕಿಟಕಿ ಅಲ್ಲ. ಕಿಟಕಿ ಬೆಳಕು ಮೇಲಿಂದ ಬೀಳುತ್ತೆ. ಇದು ಕೆಳಗಿಂದ ಬತ್ತಾ ಐತೆ. ಈ ಗುಂಡಗಿರೋವು ನೋಡಿ, ಹೊಟ್ಟೆ ಮಾತ್ರ ಬೆಳ್ಳಗವೆ, ತಲೆ ಎಲ್ಲ ಕತ್ಲು."

ಎಲ್ಲರೂ ಬಗ್ಗಿ ನೋಡಿದರು. ನಾನೂ ನೋಡಿದೆ. ಹೌದು, ಪ್ರತಿಯೊಂದು ದುಂಡಿಗೂ ತಳದಲ್ಲಿ ಬೆಳಕಿತ್ತು. ಅಷ್ಟು ದಿನ ಅದರ ಮುಂದೆ ನಿಂತರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಹಂಗಾದ್ರೆ ಏನಿದು ಯಜಮಾನ್ರೇ?" ಎಂದರು ಮೇಷ್ಟ್ರು.

"ಕೊಬ್ಬರಿ ಅಟ್ಟ ಕಣ್ರೀ! ಅಟ್ಟದ ತಳಕ್ಕೆ ಅಡಿಕೆ ಮರದ ದಬ್ಬೆ ಹೊಡ್ದಿರ್ತೀವಿ, ಗಾಳಿ ಆಡ್ಲಿ ಅಂತ ಸಂದು ಬಿಟ್ಟು. ಕೆಳಗಿನ ಕೋಣೆ ಬಾಗ್ಲು ತೆಗೆದ್ರೆ ಬೆಳಕು ಆ ಸಂದಿನಾಗೆ ಮೇಲಕ್ಕೆ ಏಳ್ತದೆ. ಇವು ಹೊಸ ಕಾಯಿ, ಈಗ ಏರ್ಸಿರೋವು, ಇನ್ನೂ ಹಸಿರು ಐತೆ. ಈ ಬೂದಿ ಬಣ್ಣದವು ವರ್ಷ ತುಂಬಿದೋವು. ಅಲ್ಲಾಡ್ಸಿದ್ರೆ ಒಳಗೆ ಒಣಗಿದ ಗಿಟುಕು ಲೊಟಲೊಟ ಅಂತದೆ." ಸುತ್ತಲಿನವರು ಹೌದು ಹೌದು ಎಂದರು. ನಮ್ಮ ಸೀಮೆಯಲ್ಲಿ ಅಟ್ಟ ನೋಡದವರು ಯಾರು? ಆದರೆ ಎಲ್ಲರೂ ನೋಡಿರುವುದು ಕೆಳಗೆ ನಿಂತು. ಕಾಯಿಯ ನಡುವೆ ಮಲಗಿ ಕೆಳಗೆ ನೋಡಿದವರು ಅಲ್ಲಿ ಇರಲಿಲ್ಲ, ಒಬ್ಬಳನ್ನು ಬಿಟ್ಟು.

ಭಾವನಿಗೆ ಹುರುಪು ಏರಿತು. ಅಂಥ ಜನರ ಮಧ್ಯೆ, ಅಂಥ ವಿಷಯದಲ್ಲಿ ತನ್ನ ಮಾತು ನಡೆಯುತ್ತದೆ ಎಂದು ಅವರು ಎಣಿಸಿರಲಿಲ್ಲ. ಇನ್ನೂ ಹತ್ತಿರ ಹೋದರು. "ಅರೆ, ಇಲ್ನೋಡಿ! ಈ ಗೆರೆ ಮಾತ್ರ ಸಣ್ಣಗೈತೆ, ಪಕ್ಕದಾಗೆ ಇನ್ನೊಂದು ಸಣ್ಣದು. ಇದು ನಮ್ಮನೆ ಅಟ್ಟವೇ! ದಬ್ಬೆ ಒಂದನ್ನ ಗೆದ್ಲು ತಿಂದಿತ್ತು, ಅದರ ಜಾಗಕ್ಕೆ ನಾನೇ ದಪ್ಪನೆ ಕಬ್ಬಿಣದ ಪೈಪು ಹಾಕ್ದೆ. ಪೈಪಿನ ಎರಡು ಮಗ್ಗುಲಿಗೂ ಹಿಂಗೇ ಬೆಳಕು ಬತ್ತದೆ." ಅವರ ಕಣ್ಣಲ್ಲಿ ನಿಜವಾಗಿಯೂ ನೀರಾಡಿತು. "ನನ್ ಮಗಳು ಮನೆ ಮರ್ತಿಲ್ಲ ಕಣಮ್ಮ ಗಿರಿಜಾ" ಎಂದರು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಮರುಕ ಬಂತು. ಕಳಿಸಿಕೊಡುವುದೇ ಸರಿಯೇನೋ ಎಂದೂ ಅನ್ನಿಸಿತು.

"ಹಾಗಾದ್ರೆ ಈ ಖಾಲಿ ಚೌಕ?" ಎಂದು ಮೇಷ್ಟ್ರು ಶಿಷ್ಯನ ಹಾಗೆ ಕೇಳಿದರು.

"ಅದು ಅಟ್ಟದ ಬಾಯಿ. ಅಲ್ಲಿಗೇ ಏಣಿ ಆನಿಸೋದು. ಈಗ ಏಣಿ ತಲೆ ಕಾಣಾಕಿಲ್ಲ ನೋಡಿ, ತೆಗ್ದಾಗೈತೆ. ಅಟ್ಟ ತುಂಬಿದ ಕೂಡ್ಲೇ ನಾನು ಏಣಿ ತೆಗೆಸಿ ಹಿತ್ಲಿಗೆ ಹಾಕಿಸ್ಬುಡ್ತೀನಿ. ಇಲ್ದಿದ್ರೆ ಇಲಿ, ಮಕ್ಳು, ಎರಡೂ ಹತ್ತಿ ಹಾಳುಗೆಡವ್ತವೆ. ನಮ್ಮಪ್ಪನ ಕಾಲದಿಂದ ಅದೇ ಪದ್ಧತಿ."

"ಈ ಹಸಿರು?"

"ಇದಾ?" ಭಾವ ಬೆರಳನ್ನು ಗೆರೆಗಳ ಉದ್ದಕ್ಕೆ ಸರಿಸಿಕೊಂಡು ಬಂದರು. "ಇದು ಕೆಳಗಡೆ ನೆಲದ ಮೇಲೆ... ಬೆಳಕಿಗೆ ಅಡ್ಡಲಾಗಿ ಏನೋ ಬಿದ್ದೈತೆ. ಹಸ್ರು ಬಣ್ಣದ್ದು..."

ಬೆರಳು ಹಸಿರಿಗೆ ಇನ್ನೇನು ತಾಕಬೇಕು, ಅಲ್ಲೇ ನಿಂತಿತು. ನಾನು ಅವರ ಮುಖ ನೋಡುತ್ತಿದ್ದೆ. ಮನುಷ್ಯನ ಮುಖದಿಂದ ಬಣ್ಣ ಇಳಿಯುತ್ತದೆ ಎನ್ನುವುದು ಬರೀ ಮಾತಲ್ಲ, ನಾನು ಕಣ್ಣಾರೆ ಕಂಡೆ. ವಿಭೂತಿಯ ಕೆಳಗೆ ಚರ್ಮ ಬೂದಿಯಾಯಿತು. ಅಕ್ಕನನ್ನು ಮಣ್ಣು ಮಾಡುವ ಮೊದಲು ನಾನೇ ಅವಳ ಮೈಯಿಂದ ಬಿಡಿಸಿದ ಸೀರೆ ನನಗಾಗ ನೆನಪಾಯಿತು. ಗಿಳಿಹಸಿರು.

ಅವರು ನಿಧಾನಕ್ಕೆ ಮಗಳ ಕಡೆ ತಿರುಗಿದರು. "ನೀನು ಅವತ್ತು ಇಸ್ಕೂಲಲ್ಲಿದ್ದೆ" ಎಂದರು.

"ಇಲ್ಲ ಅಪ್ಪಾಜಿ, ಅಟ್ಟದಲ್ಲಿದ್ದೆ" ಎಂದಳು ಇಂಪನಾ. "ಹಿತ್ತಲಲ್ಲಿ ತೆಂಗಿನ ಮಟ್ಟೆ ರಾಶಿ ಇತ್ತಲ್ಲ, ಅದನ್ನ ಹತ್ತಿ ಗವಾಕ್ಷಿಯಿಂದ ಒಳಗೆ ಹೋಗಿದ್ದೆ. ಶಾಲೆಗೆ ಚಕ್ಕರ್ ಹೊಡೆದಾಗೆಲ್ಲ ಅಲ್ಲೇ ಮಲಗ್ತಿದ್ದೆ."

ಸುತ್ತ ನಿಂತವರಿಗೆ ಅಪ್ಪ ಮಗಳ ಹಳೆಯ ತುಂಟಾಟದ ಮಾತು ಅನ್ನಿಸಿರಬೇಕು, ಯಾರೋ ನಕ್ಕರು. ನನ್ನ ತಲೆಯಲ್ಲಿ ಮಾತ್ರ ಒಂದೊಂದೇ ಸೇರಿಕೊಳ್ಳುತ್ತಿತ್ತು. ಅಟ್ಟ ತುಂಬಿತ್ತು. ಏಣಿ ಹಿತ್ತಲಿಗೆ ಹೋಗಿತ್ತು. ಹೇಳಿದವರು ಬೇರೆ ಯಾರೂ ಅಲ್ಲ, ಇದೀಗ ಎಲ್ಲರ ಎದುರಿಗೆ ಅವರೇ ಹೇಳಿದ್ದು.

"ಭಾವ, ಏಣಿ ಹಿತ್ತಲಲ್ಲಿದ್ರೆ ನಮ್ಮಕ್ಕ ಬಿದ್ದಿದ್ದು ಯಾತರಿಂದ?" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. "ಕಾರಲ್ಲಿ ಕೂತಿರ್ತೀನಿ, ಬೇಗ ಬಾ" ಎಂದು ಮಗಳಿಗೆ ಹೇಳಿ ಸರಸರನೆ ಹೊರಗೆ ಹೋದರು. ಒಂದು ಚಪ್ಪಲಿ ಬಾಗಿಲಲ್ಲೇ ಉಳಿಯಿತು. ರಂಗನಾಥ್ ಮೇಷ್ಟ್ರು, "ಯಾಕೆ ಹೊರಟೇ ಹೋದ್ರು? ಎಷ್ಟು ಚೆನ್ನಾಗಿ ಹೇಳ್ತಿದ್ರು" ಎಂದು ಪೇಚಾಡಿದರು.

ನಾನು ಇಂಪನಾಳ ತೋಳು ಹಿಡಿದು ಜನರಿಂದ ಈಚೆಗೆ ಎಳೆದುಕೊಂಡು ಬಂದೆ. "ಇಷ್ಟು ವರ್ಷ ಎದೆಯಲ್ಲಿ ಇಟ್ಕೊಂಡಿದ್ದೀಯಲ್ಲೇ, ಒಂದು ಮಾತು ಹೇಳ್ಬಾರದಾಗಿತ್ತ?"

"ಹೇಳಿದ್ದೆ ಚಿಕ್ಕಮ್ಮ" ಎಂದಳು. "ಅಮ್ಮನ್ನ ಮಣ್ಣು ಮಾಡಿದ ಮಾರನೇ ದಿನವೇ ಹೇಳಿದ್ದೆ. ಅಜ್ಜಿಗೆ."

ಅವ್ವ ಪಕ್ಕದಲ್ಲೇ ಕುರ್ಚಿಯಲ್ಲಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಇಲ್ಲ ಎನ್ನುತ್ತಾಳೇನೋ ಎಂದು ನಾನು ಕಾದೆ. ದೇವರಾಣೆ, ಇಲ್ಲ ಎಂದು ಅವಳು ಸುಳ್ಳು ಹೇಳಿದ್ದರೂ ನಾನು ನಂಬುತ್ತಿದ್ದೆ. ಅವಳು ಬ್ಯಾಗಿನ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತಲೆ ಬಗ್ಗಿಸಿದಳು.

"ಕನಸು ಕಂಡಿದ್ದೀಯ, ಬಾಯಿ ಮುಚ್ಕೋ ಅಂದೆ. ಇನ್ನೇನ್ ಮಾಡ್ಲಿ? ನಿನ್ನ ಮದುವೆ ಗೊತ್ತಾಗಿತ್ತು ಕಣೇ ಗಿರಿಜಾ, ಪತ್ರಿಕೆ ಹಂಚಾಗಿತ್ತು. ಅಕ್ಕನ್ನ ಗಂಡ ಸಾಯಿಸ್ದ ಅಂತ ಊರಿಗೆಲ್ಲ ಗೊತ್ತಾದ್ರೆ ನಿನ್ನ ಯಾರು ಒಯ್ತಿದ್ರು? ಹೋದೋಳು ಹೋದ್ಲು. ಇದ್ದೋಳಾದ್ರೂ ಬಾಳ್ಲಿ ಅಂದ್ಕೊಂಡೆ."

"ಗೊತ್ತಿದ್ದೂ ಇವಳನ್ನ ಅದೇ ಮನೆಗೆ ಕಳಿಸೋಕೆ ಹೊರಟಿದ್ಯಲ್ಲವ್ವ!"

"ಮಗಳಿಗೆ ಏನೂ ಮಾಡಲ್ಲ ಅವನು" ಎಂದಳು ಅವ್ವ. "ಮದುವೆಯಾಗಿ ಹೋಗೋ ಹುಡುಗಿ, ಎಷ್ಟು ದಿನ ಅಲ್ಲಿ?"

ಹೆತ್ತ ತಾಯಿಯ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂತು ನನಗೆ. ನನ್ನ ಆ ಕೆಲಸಕ್ಕೆ ಬಾರದ ಮದುವೆಗಾಗಿ, ಚಪ್ಪರಕ್ಕಾಗಿ, ನಾಲ್ಕು ಜನರ ಊಟಕ್ಕಾಗಿ ಅಕ್ಕನ ಸಾವನ್ನು ಇವಳು ಮಡಚಿ ಇಟ್ಟುಬಿಟ್ಟಿದ್ದಳು. ಹತ್ತು ವರ್ಷದ ಮಗುವಿನ ಬಾಯನ್ನೂ ಅದರ ಜೊತೆಗೇ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಅವಳ ಕೈಯಿಂದ ಬ್ಯಾಗು ಕಿತ್ತುಕೊಂಡೆ. ಇಂಪನಾಳ ಕೈ ಹಿಡಿದು ಹೊರಗೆ ಬಂದೆ. "ಮಾನ ಹೋಗುತ್ತೆ ಕಣ್ರೇ" ಎಂದು ಅವ್ವ ಹಿಂದಿನಿಂದ ಅನ್ನುತ್ತಿದ್ದಳು.

ಮುಂದೆ ರಸ್ತೆಬದಿಯಲ್ಲಿ ಭಾವನ ಕಾರು ನಿಂತಿತ್ತು. ಗಾಜು ಇಳಿಸಿ, "ಎಲ್ಲಿಗೆ?" ಎಂದರು. ಇಂಪನಾಳ ಹೆಜ್ಜೆ ತಡೆಯಿತು. ಹಿಂದಿನ ಬಾಗಿಲು ಅವಳಿಗಾಗಿ ತೆರೆದಿತ್ತು, ಸೀಟಿನ ಮೇಲೆ ಅವಳಿಗೆಂದು ತಂದ ಹೊಸ ಸೀರೆಯ ಪೊಟ್ಟಣವಿತ್ತು. ಅವಳು ಅದನ್ನೇ ನೋಡಿದಳು. ಹತ್ತಿಬಿಡುತ್ತಾಳೆ ಎಂದು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. "ಪೊಲೀಸ್ ಸ್ಟೇಷನ್ನಿಗೆ" ಎಂದು ನಾನೇ ಉತ್ತರ ಕೊಟ್ಟು ಅವಳನ್ನು ಮುಂದಕ್ಕೆ ನಡೆಸಿದೆ. ಕಾರು ನಮ್ಮ ಹಿಂದೆ ಬರಲಿಲ್ಲ.

ಸ್ಟೇಷನ್ನಿನಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಹೆಣ್ಣುಮಗಳು, ನನ್ನ ವಯಸ್ಸಿನವಳು. ಚಿತ್ರದ ಮಾತೆತ್ತಿದ ಕೂಡಲೇ ಅವಳ ಮುಖದಲ್ಲಿ ಬೇಸರ ಕಂಡಿತು. "ಪೇಂಟಿಂಗ್ ತಗೊಂಡು ಕೋರ್ಟಿಗೆ ಹೋಗೋಕಾಗುತ್ತಾ ಮೇಡಂ? ಇಷ್ಟು ವರ್ಷದ ಮೇಲೆ ಬಂದಿದ್ದೀರ" ಎಂದಳು. ಆಮೇಲೆ ಇಂಪನಾಳನ್ನು ಎದುರಿಗೆ ಕೂರಿಸಿಕೊಂಡು, "ಬಣ್ಣ ಗಿಣ್ಣ ಎಲ್ಲ ಬಿಡಮ್ಮ. ನೋಡಿದ್ದು ನೋಡಿದ ಹಾಗೆ ಹೇಳು" ಎಂದಳು. ಬದಿಯಲ್ಲಿ ಪೇದೆಯೊಬ್ಬ ಬರೆದುಕೊಳ್ಳಲು ಕೂತ.

ಅಮೂರ್ತ ಬರೆಯುವ ಹುಡುಗಿ ಅಷ್ಟು ಬಿಡಿಬಿಡಿಯಾಗಿ ಮಾತಾಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಕೋಣೆಯಲ್ಲಿ ಅಮ್ಮ ಇದ್ದಳು, ಅಪ್ಪಾಜಿ ಬಂದರು, ಬಾಗಿಲು ತೆರೆದೇ ಇತ್ತು. ಮಾತಿಗೆ ಮಾತು ಬೆಳೆಯಿತು, ಯಾವುದಕ್ಕೆಂದು ಅವಳಿಗೆ ಗೊತ್ತಿಲ್ಲ. ಅಪ್ಪಾಜಿ ಕೂದಲು ಹಿಡಿದು ತಳ್ಳಿದರು. ಒರಳುಕಲ್ಲಿನ ಸದ್ದು ಕೇಳಿಸಿತು. ಅಪ್ಪಾಜಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು, ಆಮೇಲೆ ಹಿತ್ತಲಿಗೆ ಹೋಗಿ ಏಣಿ ತಂದು ಅಟ್ಟದ ಬಾಯಿಗೆ ಆನಿಸಿದರು. ಆಮೇಲೆ ಬೀದಿಗೆ ಓಡಿ ಕೂಗಿಕೊಂಡರು. ಜನ ತುಂಬಿಕೊಂಡ ಮೇಲೆ ಇವಳು ಗವಾಕ್ಷಿಯಿಂದ ಇಳಿದು, ಮುಂಬಾಗಿಲಿಂದ ಒಳಗೆ ಬಂದಳು. ಅಷ್ಟೂ ಹೇಳುವಾಗ ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ನಾನು ಅಳುತ್ತಿದ್ದೆ. ಮುಗಿಯಿತು, ಇನ್ನು ಇವಳನ್ನು ಆ ಮನೆಗೆ ಯಾರೂ ಕರೆದೊಯ್ಯುವ ಹಾಗಿಲ್ಲ ಎಂದುಕೊಂಡು ಎದ್ದೆ. ಇಂಪನಾ ಏಳಲಿಲ್ಲ.

"ಏಣಿ ತರೋಕೆ ಹೋದಾಗ ನಿಮ್ಮಮ್ಮ ತೀರ್ಕೊಂಡಿದ್ರಾ?" ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದಳು.

"ಇಲ್ಲ ಮೇಡಂ. ಹಸಿರು ಸೀರೆ ಎದೆ ಹತ್ರ ಮೇಲೆ ಕೆಳಗೆ ಆಗ್ತಿತ್ತು, ಉಸಿರಾಡ್ತಿದ್ಲು. ಕಣ್ಣು ತೆರೆದಿತ್ತು, ಮೇಲಕ್ಕೇ ನೋಡ್ತಿದ್ಲು. ಸಂದಿಯಲ್ಲಿ ನನ್ನ ಮುಖ ಕಂಡಿತೇನೋ. ಪಕ್ಕದ ಮನೆಯಲ್ಲಿ ಕಾಯಿ ಸುಲಿಯೋರು ಇದ್ರು, ಕೂಗಿದ್ರೆ ಓಡಿ ಬರ್ತಿದ್ರು. ಶಾಲೆಗೆ ಹೋಗ್ದೆ ಅಟ್ಟ ಹತ್ತಿದ್ದು ಗೊತ್ತಾದ್ರೆ ಅಪ್ಪಾಜಿ ಹೊಡೀತಾರೆ ಅಂತ ನಾನು ಕೂಗಲಿಲ್ಲ."

ಪೇದೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದ. ಅವಳು ಅವನ ಕಡೆ ತಿರುಗಿದಳು.

"ಅದನ್ನೂ ಬರ್ಕೊಳ್ಳಿ ಸಾರ್" ಎಂದಳು.